ಮಗನ ಮೊಣಕೈ ನೋವು, ಡ್ರಾಫ್ಟ್ ಆಸೆ: ಬೇಸ್‌ಬಾಲ್ ಪಿಚರ್ ಬದುಕು ನಿಜಕ್ಕೂ ಹೇಗಿರುತ್ತದೆ?

ಪ್ರಶ್ನೆ: ನಾವು ಹಾಸನದ ಕಡೆಯವರು. ಮಗ ಹುಟ್ಟುವ ಮುಂಚೆಯೇ ಅಮೆರಿಕಕ್ಕೆ ಬಂದೆವು, ಈಗ ಡಾಲಸ್ ಹತ್ತಿರ ಇದ್ದೇವೆ. ಮಗನಿಗೆ 17 ವರ್ಷ, ಹೈಸ್ಕೂಲಿನಲ್ಲಿ 11ನೇ ತರಗತಿ. ಚಿಕ್ಕಂದಿನಿಂದ ಬೇಸ್‌ಬಾಲ್ ಹುಚ್ಚು. ಬಲಗೈ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಕಳೆದ ವರ್ಷ ಗಂಟೆಗೆ 91 ಮೈಲಿ ವೇಗ ಮುಟ್ಟಿದ, ಆಮೇಲೆ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಬಂದು ನೋಡೋಕೆ ಶುರು ಮಾಡಿದರು. ಫೆಬ್ರವರಿಯಿಂದ ಮೊಣಕೈಯ ಒಳಬದಿ ನೋವು. ಎಂಆರ್‌ಐನಲ್ಲಿ ಲಿಗಮೆಂಟ್ (ಮೂಳೆಗಳನ್ನು ಸೇರಿಸಿ ಹಿಡಿಯುವ ಪಟ್ಟಿ) ಸ್ವಲ್ಪ ಹರಿದಿದೆ ಅಂತ ಬಂದಿದೆ. ಶಾಲೆಯ ಹೊರಗೆ ಊರೂರು ಸುತ್ತಿ ಆಡುವ ಟ್ರಾವೆಲ್ ಟೀಮಿನ ಕೋಚ್ "ಈಗಲೇ ಟಾಮಿ ಜಾನ್ ಆಪರೇಷನ್ ಮಾಡಿಸಿ ಹೊಸ ಲಿಗಮೆಂಟ್ ಹಾಕಿಸಿಬಿಡಿ, ವಾಪಸ್ ಬರುವಾಗ ವೇಗ ಇನ್ನೂ ಜಾಸ್ತಿ ಆಗಿರುತ್ತೆ" ಅನ್ನುತ್ತಾರೆ. ನಮ್ಮ ಯಜಮಾನರು "ಆಟ ಸಾಕು, ಎಂಜಿನಿಯರಿಂಗ್ ಓದಲಿ" ಅನ್ನುತ್ತಾರೆ. ಮಗ ಇಬ್ಬರ ಮಾತೂ ಕೇಳುತ್ತಿಲ್ಲ. ಸ್ಕೌಟ್‌ಗಳ ಮುಂದೆ ಆಡಿ ತೋರಿಸುವ ಬೇಸಿಗೆಯ ಶೋಕೇಸ್ ಟೂರ್ನಿ ತಪ್ಪಿದರೆ ಡ್ರಾಫ್ಟ್ ಆಗಲ್ಲ, ಅಂದರೆ ಯಾವ ವೃತ್ತಿಪರ ತಂಡವೂ ಆರಿಸಿಕೊಳ್ಳಲ್ಲ ಅಂತ ನೋವು ಮುಚ್ಚಿಟ್ಟುಕೊಂಡು ಎಸೆಯುತ್ತಿದ್ದಾನೆ. ಊರಿನ ನೆಂಟರು ಬೇರೆ ಪಿಚರ್ ಕುಮಾರ್ ರಾಕರ್ ಹೆಸರು ಹೇಳಿ ಕೋಟಿ ಲೆಕ್ಕ ಹಾಕುತ್ತಾರೆ. ಪಿಚರ್ ಆಗಿ ಬದುಕುವುದು ಅಂದರೆ ಏನು? ಈ ಕೈ ಇಟ್ಟುಕೊಂಡು ಅವನು ಆ ದಾರಿಗೆ ಹೋಗಬಹುದಾ?

ಉತ್ತರ: ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಮಗ ಚೆಂಡು ಎಸೆಯುವುದನ್ನು ಇವತ್ತೇ ನಿಲ್ಲಿಸಲಿ. ಪಂದ್ಯದಲ್ಲಿ ಮಾತ್ರ ಅಲ್ಲ, ಹಿತ್ತಲಲ್ಲಿ ಗೆಳೆಯನ ಜೊತೆ ಸುಮ್ನೆ ಕ್ಯಾಚ್ ಆಡುವುದೂ ಬೇಡ. ಎಸೆಯುವ ಆಟಗಾರರ ಭುಜ, ಮೊಣಕೈ ನೋಡುವುದೇ ನನ್ನ ಕೆಲಸ. ಸ್ವಲ್ಪ ಹರಿದದ್ದು ಪೂರ್ತಿ ಹರಿಯುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಹೀಗೆ ನೋವು ನುಂಗಿಕೊಂಡು ಎಸೆಯುವ ಹುಡುಗರಲ್ಲೇ.

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಮೊಣಕೈಗೆ ಏನು ಮಾಡಿಸಬೇಕು, ಈ ಬೇಸಿಗೆಯಲ್ಲಿ ಆಡಬೇಕಾ, ಹೈಸ್ಕೂಲ್ ಮುಗಿಸಿ ನೇರ ವೃತ್ತಿಗೆ ಹೋಗಬೇಕಾ ಇಲ್ಲ ಕಾಲೇಜಿಗಾ. ಮಗ ಶೋಕೇಸ್ ದಿನಾಂಕ ನೋಡಿಕೊಂಡು ಮೊಣಕೈ ವಿಷಯ ತೀರ್ಮಾನ ಮಾಡುತ್ತಿದ್ದಾನೆ. ಕೋಚ್ ವೇಗದ ಆಸೆಗೆ ಆಪರೇಷನ್ ಹೇಳುತ್ತಿದ್ದಾರೆ. ನಿಮ್ಮ ಯಜಮಾನರು ಒಂದು ಎಂಆರ್‌ಐ ನೋಡಿ ಹುಡುಗನ ಮುಂದಿನ ಬದುಕನ್ನೇ ತೀರ್ಮಾನ ಮಾಡುತ್ತಿದ್ದಾರೆ. ಮೂರನ್ನೂ ಬೇರೆ ಬೇರೆಯಾಗಿ ಬಿಡಿಸಿಕೊಂಡರೆ ನಿಮ್ಮ ಆತಂಕ ಅರ್ಧ ಇಳಿಯುತ್ತದೆ.

ಹರಿದಿರುವುದು ಏನು ಅಂತ ಮೊದಲು ನೋಡೋಣ. ಮೊಣಕೈಯ ಒಳಬದಿಯಲ್ಲಿ ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಸೇರಿಸಿ ಹಿಡಿದಿರುವ ಒಂದು ಪಟ್ಟಿ ಇದೆ. ಕಿರುಬೆರಳಿನಷ್ಟೂ ಅಗಲ ಇಲ್ಲ. ನಿಮ್ಮ ವರದಿಯಲ್ಲಿ ಯುಸಿಎಲ್ ಅಂತ ಬರೆದಿರುವುದು ಅದನ್ನೇ. ಬರೆಯೋಕೆ, ಊಟ ಮಾಡೋಕೆ, ಚೀಲ ಎತ್ತೋಕೆ ಅದು ಅಷ್ಟಾಗಿ ಬೇಕಾಗಿಲ್ಲ. ಕೈಯನ್ನು ಭುಜದ ಮೇಲಿಂದ ಬೀಸಿ ಜೋರಾಗಿ ಎಸೆಯುವಾಗ ಅದರ ಮೇಲೆ ವಿಪರೀತ ಭಾರ ಬೀಳುತ್ತದೆ.

ಮಗ ಎಸೆಯುವ ವಿಡಿಯೋ ನಿಮ್ಮ ಫೋನಿನಲ್ಲಿ ಇದ್ದೇ ಇರುತ್ತದೆ, ನಿಧಾನ ಮಾಡಿ ನೋಡಿ. ಎಡಗಾಲು ನೆಲ ಮುಟ್ಟುತ್ತದೆ, ಎದೆ ಬ್ಯಾಟರ್ ಕಡೆ ತಿರುಗುತ್ತದೆ, ಆದರೆ ಚೆಂಡು ಹಿಡಿದ ಕೈ ಇನ್ನೂ ಹಿಂದೆಯೇ ಇರುತ್ತದೆ. ಒಂದು ಕ್ಷಣ ಮುಂಗೈ ಪೂರ್ತಿ ಹಿಂದಕ್ಕೆ ಮಲಗಿಬಿಟ್ಟಿರುತ್ತದೆ. ಅಲ್ಲಿಂದ ಭುಜ ಸೆಕೆಂಡಿಗೆ ಸುಮಾರು 7,000 ಡಿಗ್ರಿ ವೇಗದಲ್ಲಿ ಮುಂದಕ್ಕೆ ತಿರುಗುತ್ತದೆ. ಮನುಷ್ಯನ ಮೈ ಮಾಡುವ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಆ ಹೊತ್ತಿಗೆ ಮೊಣಕೈಯ ಒಳಬದಿ ಬಾಯಿ ಬಿಡೋಕೆ ನೋಡುತ್ತದೆ. ನುರಿತ ಪಿಚರ್‌ಗಳನ್ನು ಪ್ರಯೋಗಾಲಯದಲ್ಲಿ ಅಳೆದಾಗ ಅಲ್ಲಿ ಸುಮಾರು 64 ನ್ಯೂಟನ್ ಮೀಟರ್ ತಿರುಚುಬಲ ಕಂಡುಬಂದಿದೆ. ಲಿಗಮೆಂಟ್ ಒಂದೇ ತಡೆದುಕೊಳ್ಳುವುದು ಹೆಚ್ಚುಕಡಿಮೆ ಅದರ ಅರ್ಧ. ಮಿಕ್ಕ ಭಾರ ಹೊರುವುದು ಮುಂಗೈ ಸ್ನಾಯುಗಳು. ಅವು ದಣಿದರೆ ಅವುಗಳ ಪಾಲೂ ಲಿಗಮೆಂಟ್ ಮೇಲೆಯೇ ಬೀಳುತ್ತದೆ. ಬಾವಿ ಹಗ್ಗ ಒಂದೇ ದಿನಕ್ಕೆ ಕಿತ್ತುಬರಲ್ಲ ಅಲ್ವಾ, ಎಳೆ ಎಳೆಯಾಗಿ ಸವೆಯುತ್ತಾ ಬಂದು ಒಂದು ದಿನ ಕೊಡದ ಸಮೇತ ಕೆಳಗೆ ಹೋಗುತ್ತದೆ. ಇದೂ ಹಾಗೇ. ಅದಕ್ಕೇ ಹುಡುಗರು "ಮೊಣಕೈ ನೋವು" ಅನ್ನುವುದಕ್ಕೆ ಎಷ್ಟೋ ದಿನ ಮೊದಲು "ಮುಂಗೈ ಬಿಗಿಯಾಗಿದೆ" ಅಂದಿರುತ್ತಾರೆ. ಮಗನನ್ನು ಕೇಳಿ ನೋಡಿ, ಆ ಬಿಗಿತ ಯಾವಾಗ ಶುರುವಾಯಿತು ಅಂತ. ಫೆಬ್ರವರಿಗಿಂತ ಹಿಂದಿನ ತಿಂಗಳು ಹೇಳಿದರೆ ಆಶ್ಚರ್ಯ ಪಡಬೇಡಿ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಹೊಸದು. ಬೌಲರ್ ಚೆಂಡು ಬಿಡುವಾಗ ಬಗ್ಗಿದ ಮೊಣಕೈಯನ್ನು ಜಾಡಿಸಿ ನೆಟ್ಟಗೆ ಮಾಡುವಂತಿಲ್ಲ ಅನ್ನುವುದು ಅಲ್ಲಿನ ನಿಯಮ. ಹಾಗಾಗಿ ಪೆಟ್ಟು ಬೇರೆ ಕಡೆ ಬೀಳುತ್ತದೆ. ನಿಮ್ಮ ಜಿಲ್ಲೆಯ ಜಾವಗಲ್ಲಿನ ಹೆಸರು ಹೊತ್ತ ಶ್ರೀನಾಥ್ 1997ರಲ್ಲಿ ಭುಜದ ಆಪರೇಷನ್ ಮಾಡಿಸಿಕೊಂಡು ಎಷ್ಟೋ ತಿಂಗಳು ಹೊರಗಿದ್ದರು. ಪ್ರಸಿದ್ಧ್ ಕೃಷ್ಣ ಅವರಿಗೆ ಬೆನ್ನುಮೂಳೆಯಲ್ಲಿ ಬಿರುಕು ಬಂದಿತ್ತು. ಬೇಸ್‌ಬಾಲ್‌ನಲ್ಲಿ ಮೊಣಕೈ ಬಗ್ಗಿಸಿ ಚಾಟಿ ಬೀಸಿದಂತೆ ಎಸೆಯುತ್ತಾರೆ, ಅಲ್ಲಿ ಮೊಣಕೈಯೇ ಬೆಲೆ ತೆರುತ್ತದೆ.

ಈಗ ಕೋಚ್ ಹೇಳಿದ ಮಾತಿಗೆ ಬರುತ್ತೇನೆ. ಟಾಮಿ ಜಾನ್ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್. 1974ರ ಜುಲೈನಲ್ಲಿ ಪಂದ್ಯದ ನಡುವೆ ಅವರ ಲಿಗಮೆಂಟ್ ಕಿತ್ತುಹೋಯಿತು. ಅಲ್ಲಿಯವರೆಗೆ ಅದಾದರೆ ಆಟ ಮುಗಿಯಿತು ಅಂತಲೇ ಲೆಕ್ಕ. ಡಾಕ್ಟರ್ ಫ್ರಾಂಕ್ ಜೋಬ್ ಆ ಸೆಪ್ಟೆಂಬರ್‌ನಲ್ಲಿ ಅವರ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು, ಎಡ ಮೊಣಕೈಯ ಮೂಳೆಗಳಲ್ಲಿ ತೂತು ಕೊರೆದು ಅದನ್ನು ಪೋಣಿಸಿದರು. ವಾಪಸ್ ಆಡುವ ಸಾಧ್ಯತೆ ನೂರಕ್ಕೆ ಒಂದು ಅಂತ ಮೊದಲೇ ಹೇಳಿದ್ದರು. ಜಾನ್ 1975 ಪೂರ್ತಿ ಕೂತರು, 1976ರಲ್ಲಿ ಬಂದರು, 1989ರವರೆಗೆ ಎಸೆದರು. ಅವರ ಒಟ್ಟು 288 ಗೆಲುವುಗಳಲ್ಲಿ 164 ಬಂದದ್ದು ಆಪರೇಷನ್ ಆದ ಮೇಲೆ.

ಆ ಸ್ನಾಯುರಜ್ಜು ನಿಮ್ಮ ಕೈಯಲ್ಲೂ ನೋಡಬಹುದು. ಹೆಬ್ಬೆರಳನ್ನೂ ಕಿರುಬೆರಳನ್ನೂ ಮುಟ್ಟಿಸಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ. ಮಣಿಕಟ್ಟಿನ ನಡುವೆ ದಾರದಂತೆ ಒಂದು ಎದ್ದು ನಿಲ್ಲುತ್ತದೆ. ಕೆಲವರಿಗೆ ಅದು ಹುಟ್ಟಿನಿಂದಲೇ ಇರಲ್ಲ, ಇಲ್ಲದಿದ್ದರೂ ಕೈಗೆ ಏನೂ ಕೊರತೆಯಿಲ್ಲ. ಅಂಥವರಿಗೆ ತೊಡೆಯಿಂದ ತೆಗೆಯುತ್ತಾರೆ.

ಈ ಆಪರೇಷನ್ ಎಷ್ಟೋ ಜನರ ಬದುಕು ಉಳಿಸಿದೆ. ಇವತ್ತು ವೃತ್ತಿಪರ ಬೇಸ್‌ಬಾಲ್‌ನ ಅತಿ ಮೇಲಿನ ಮಟ್ಟವಾದ ಮೇಜರ್ ಲೀಗ್‌ನ ಪಿಚರ್‌ಗಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಅದನ್ನು ಮಾಡಿಸಿಕೊಂಡವರೇ. ಆದರೆ ಅದು ವೇಗ ಹೆಚ್ಚಿಸುತ್ತದೆ ಅನ್ನುವುದು ನಿಜವಲ್ಲ. ಹೊಸ ಲಿಗಮೆಂಟ್ ಸ್ಪ್ರಿಂಗ್ ಅಲ್ಲ, ಚೆಂಡನ್ನು ತಳ್ಳುವ ಶಕ್ತಿ ಅದಕ್ಕಿಲ್ಲ. ವೃತ್ತಿಪರ ಪಿಚರ್‌ಗಳ ವೇಗವನ್ನು ಆಪರೇಷನ್‌ಗೆ ಮುಂಚೆ, ಆಮೇಲೆ ಅಂತ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಹೆಚ್ಚಳ ಕಂಡಿಲ್ಲ. ಮತ್ತೆ ಕೋಚ್ ನೋಡಿದ್ದು ಏನು? 17ರಲ್ಲಿ ಆಪರೇಷನ್ ಮಾಡಿಸಿಕೊಂಡ ಹುಡುಗ 19ಕ್ಕೆ ವಾಪಸ್ ಬರುತ್ತಾನೆ. ನಡುವೆ ಮೈ ತುಂಬಿದೆ, ವರ್ಷವಿಡೀ ಕಾಲು, ಸೊಂಟ, ಭುಜಕ್ಕೆ ಶಿಸ್ತಿನ ವ್ಯಾಯಾಮ ಮಾಡಿದ್ದಾನೆ. ವೇಗ ಬಂದದ್ದು ಅದರಿಂದ. ಆ ವ್ಯಾಯಾಮಕ್ಕೆ ಮೊಣಕೈ ಕೊಯ್ಯಿಸಿಕೊಳ್ಳುವ ಅಗತ್ಯವಿಲ್ಲ. ಕೋಚ್ ಒಬ್ಬರೇ ಹೀಗೆ ನಂಬಿದ್ದಾರೆ ಅಂದುಕೊಳ್ಳಬೇಡಿ. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಹೈಸ್ಕೂಲ್ ಆಟಗಾರರಲ್ಲಿ ಅರ್ಧದಷ್ಟು ಜನ, ಗಾಯ ಇಲ್ಲದಿದ್ದರೂ ಆಟ ಚೆನ್ನಾಗಾಗಲಿ ಅಂತ ಈ ಆಪರೇಷನ್ ಮಾಡಿಸಬೇಕು ಅಂದಿದ್ದರು. ನನಗೆ ನಿಜಕ್ಕೂ ಸಂಕಟವಾಗುವ ಸಂಗತಿ ಇದು.

ಇಷ್ಟೊಂದು ಮೊಣಕೈ ಯಾಕೆ ಹೋಗುತ್ತಿವೆ ಅಂತ ನೀವು ಕೇಳಬಹುದು. ಗಾಳಿಯಲ್ಲಿ ಬಾಗುವ ಕರ್ವ್‌ಬಾಲ್ ಎಸೆದರೆ ಕೈ ಹಾಳು ಅಂತ ಬಹಳ ಜನ ನಂಬಿದ್ದಾರೆ. ಸಂಶೋಧನೆ ಬೆರಳು ತೋರಿಸುವುದು ಬೇರೆ ಕಡೆ: ವೇಗ, ಎಸೆತದ ಸಂಖ್ಯೆ, ದಣಿವು. ಮೇಜರ್ ಲೀಗ್‌ನ ಫೋರ್-ಸೀಮ್ ಫಾಸ್ಟ್‌ಬಾಲ್ (ಅತಿ ವೇಗದ ನೇರ ಎಸೆತ) ಸರಾಸರಿ 2008ರಲ್ಲಿ 91.3 ಮೈಲಿ ಇತ್ತು, 2024ಕ್ಕೆ 94.2 ಆಯಿತು. ಹಿಂದೆ ಪಿಚರ್ ಇಡೀ ಪಂದ್ಯಕ್ಕೆ ಶಕ್ತಿ ಉಳಿಸಿಕೊಂಡು ಎಸೆಯುತ್ತಿದ್ದ. ಈಗ ಪ್ರತಿ ಚೆಂಡೂ ಪೂರ್ತಿ ಜೋರಿನಲ್ಲಿ. ಅದನ್ನು ನೋಡಿ ಹುಡುಗರೂ ರೇಡಾರ್ ಗನ್ ಮುಂದೆ ವರ್ಷವಿಡೀ ಎಸೆಯುತ್ತಾರೆ. ವರ್ಷಕ್ಕೆ 8 ತಿಂಗಳಿಗಿಂತ ಜಾಸ್ತಿ ಪಿಚ್ ಮಾಡುವ ಹುಡುಗರು ಆಪರೇಷನ್ ಟೇಬಲ್‌ಗೆ ಬರುವ ಸಾಧ್ಯತೆ ಐದು ಪಟ್ಟು ಅಂತ ಒಂದು ಅಧ್ಯಯನ ಹೇಳಿತ್ತು. ಕೈ ದಣಿದಿದ್ದರೂ ಎಸೆಯುವ ಅಭ್ಯಾಸ ಇದ್ದವರಲ್ಲಿ ಅದು 36 ಪಟ್ಟು.

ಟೆಕ್ಸಾಸಿನ ಹೈಸ್ಕೂಲ್ ಪಂದ್ಯಗಳಲ್ಲಿ ಒಂದು ದಿನಕ್ಕೆ 110 ಎಸೆತದ ಮಿತಿ ಇದೆ, ಎಸೆತ ಹೆಚ್ಚಾದಷ್ಟೂ ಕಡ್ಡಾಯ ವಿಶ್ರಾಂತಿಯೂ ಹೆಚ್ಚು. ಆದರೆ ಆ ಲೆಕ್ಕದಲ್ಲಿ ಟ್ರಾವೆಲ್ ಟೀಮಿನ ಎಸೆತ ಸೇರಲ್ಲ, ಖಾಸಗಿ ಪಾಠದ್ದು ಸೇರಲ್ಲ, ಶೋಕೇಸ್‌ನದ್ದು ಸೇರಲ್ಲ. ಮೂರು ಕಡೆಯ ಕೋಚ್‌ಗಳೂ ತಮ್ಮ ತಮ್ಮ ಲೆಕ್ಕ ಸರಿಯಾಗಿಯೇ ಇಟ್ಟಿರುತ್ತಾರೆ. ಕೂಡಿಸುವವರು ಮಾತ್ರ ಯಾರೂ ಇರಲ್ಲ. ನಿಮ್ಮ ಮನೆಯಲ್ಲಿ ಅದನ್ನು ನೀವೇ ಮಾಡಬೇಕು. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಮಾಡಿದ ಪಿಚ್ ಸ್ಮಾರ್ಟ್ ಸೂಚನೆಯಲ್ಲೂ ವರ್ಷಕ್ಕೆ ಕನಿಷ್ಠ 4 ತಿಂಗಳು ಪಿಚಿಂಗ್ ಬಿಡಬೇಕು, ಅದರಲ್ಲಿ 2-3 ತಿಂಗಳು ಸತತವಾಗಿ ಎಸೆಯಲೇಬಾರದು ಅಂತ ಇದೆ.

ಮೊಣಕೈಗೆ ಈಗ ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಮೊದಲು ಹೇಳುವುದು ವಿಶ್ರಾಂತಿ ಮತ್ತು ಫಿಸಿಯೋಥೆರಪಿ. 6ರಿಂದ 12 ವಾರ ಎಸೆತ ಪೂರ್ತಿ ಬಂದ್. ಆ ಹೊತ್ತಿನಲ್ಲಿ ಮುಂಗೈ, ಭುಜದ ಹಲಗೆ, ಸೊಂಟ, ಕಾಲಿನ ಬಲ ಕಟ್ಟಬೇಕು. ಆಮೇಲೆ ದಿನ ಬಿಟ್ಟು ದಿನ, ಹತ್ತಿರದಿಂದ ದೂರಕ್ಕೆ, ಅಳತೆ ಇಟ್ಟುಕೊಂಡು ಎಸೆತ ಶುರು. ಒಟ್ಟು ನಾಲ್ಕೈದು ತಿಂಗಳು ಹಿಡಿಯುತ್ತದೆ. ಜಪಾನಿನಿಂದ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಬಂದ ಪಿಚರ್ ಮಸಾಹಿರೊ ತನಾಕಾಗೆ 2014ರಲ್ಲಿ ಇದೇ ರೀತಿ ಲಿಗಮೆಂಟ್ ಸ್ವಲ್ಪ ಹರಿದಿತ್ತು. ಪಿಆರ್‌ಪಿ ಇಂಜೆಕ್ಷನ್ (ತಮ್ಮದೇ ರಕ್ತದಿಂದ ತಯಾರಿಸಿದ್ದು), ವಿಶ್ರಾಂತಿ ಅಂತ ಹೋದರು, ಆಪರೇಷನ್ ಮಾಡಿಸಲಿಲ್ಲ. 2020ರವರೆಗೆ ಯಾಂಕೀಸ್‌ಗೆ ಎಸೆದರು. ಎಲ್ಲರಿಗೂ ಹೀಗಾಗುತ್ತದೆ ಅಂತ ನಾನು ಹೇಳಲಾರೆ. ಹರಿದ ಜಾಗ ಮೇಲ್ತುದಿಯಲ್ಲಿ, ಅಂದರೆ ತೋಳಿನ ಮೂಳೆ ಕಡೆ ಇದ್ದರೆ ವಿಶ್ರಾಂತಿಯಿಂದ ಕೂಡುವ ಸಾಧ್ಯತೆ ಜಾಸ್ತಿ. ಕೆಳತುದಿಯಲ್ಲಿದ್ದರೆ ಕಡಿಮೆ. ಪಿಆರ್‌ಪಿ ಫಲ ಒಬ್ಬೊಬ್ಬರಲ್ಲಿ ಒಂದೊಂದು ಥರ, ಇನ್ಶೂರೆನ್ಸ್ ಕೂಡ ಹೆಚ್ಚಾಗಿ ಕೊಡಲ್ಲ. ಅಪಾಯ ಅಂದರೆ, ಇಷ್ಟೆಲ್ಲ ಮಾಡಿದ ಮೇಲೂ ಕೈ ಕೂಡದೆ ಆಪರೇಷನ್ನೇ ಬೇಕಾದರೆ ಆ ನಾಲ್ಕೈದು ತಿಂಗಳು ಹಿಂದೆ ಬಿದ್ದ ಹಾಗೆ. 17 ವರ್ಷದವನಿಗೆ ಅದು ತಡೆದುಕೊಳ್ಳಬಹುದಾದ ನಷ್ಟ ಅನ್ನುವುದು ನನ್ನ ಅಭಿಪ್ರಾಯ.

ಪೂರ್ತಿ ಆಪರೇಷನ್ ಆದರೆ ಪಂದ್ಯಕ್ಕೆ ಮರಳಲು 12ರಿಂದ 18 ತಿಂಗಳು. ಐವರಲ್ಲಿ ನಾಲ್ವರಾದರೂ ಮತ್ತೆ ಆಡುತ್ತಾರೆ, ಇದು ಒಳ್ಳೇ ಫಲಿತಾಂಶವೇ. ಆದರೆ ಮೊದಲಿನ ಮಟ್ಟಕ್ಕೇ ಬರುವವರು ಅದಕ್ಕಿಂತ ಕಡಿಮೆ. ಪಕ್ಕದಲ್ಲೇ ಹಾಯುವ ನರಕ್ಕೆ ತೊಂದರೆಯಾಗಿ ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯುವುದೂ ಉಂಟು. ಹಾಕಿದ ರಜ್ಜು ಕೂಡ ಮತ್ತೆ ಹರಿಯಬಹುದು. ಮೇಜರ್ ಲೀಗ್ ಪಿಚರ್ ಜೇಕಬ್ ಡಿಗ್ರಾಮ್ 2010ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಮಾಡಿಸಿಕೊಂಡರು. ಲಿಗಮೆಂಟ್ ಒಂದು ತುದಿಯಲ್ಲಿ ಮಾತ್ರ ಕಿತ್ತಿದ್ದು ಮಿಕ್ಕಿದ್ದು ಗಟ್ಟಿಯಾಗಿದ್ದರೆ, ಅದನ್ನೇ ಹೊಲಿದು ಮೇಲೆ ಗಟ್ಟಿ ಪಟ್ಟಿ ಕೂರಿಸುವ ಇಂಟರ್ನಲ್ ಬ್ರೇಸ್ ಅನ್ನುವ ವಿಧಾನ ಇದೆ. ಮರಳುವ ಸಮಯ ಕಡಿಮೆ. ಅದು ಹೊಂದುತ್ತದಾ ಅಂತ ಸರ್ಜನ್ ಎಂಆರ್‌ಐ ನೋಡಿಯೇ ಹೇಳಬೇಕು.

ಬೇಸಿಗೆಯ ಶೋಕೇಸ್ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ಮಗನ ಲೆಕ್ಕ ಎಲ್ಲಿ ತಪ್ಪುತ್ತಿದೆ ಅಂತ ಹೇಳುತ್ತೇನೆ, ಅದನ್ನು ಅವನಿಗೇ ಓದಿಸಿ. ಹೈಸ್ಕೂಲ್ ಮುಗಿಯುವುದು ಮುಂದಿನ ವರ್ಷ, ಅವನಿಗೆ ಅನ್ವಯಿಸುವ ಡ್ರಾಫ್ಟ್ ಮುಂದಿನ ಜುಲೈ. ನಡುವೆ ಇಡೀ ಒಂದು ವರ್ಷ ಇದೆ. ಇನ್ನೊಂದು, ಲಕ್ಷಗಟ್ಟಲೆ ಡಾಲರ್ ಕೊಡುವ ತಂಡ ಕೈ ಒಳಗೆ ಏನಿದೆ ಅಂತ ನೋಡದೆ ಸಹಿ ಹಾಕಲ್ಲ. ಮುಚ್ಚಿಟ್ಟ ನೋವು ಅವರ ಎಂಆರ್‌ಐನಲ್ಲಿ ಬಂದೇ ಬರುತ್ತದೆ.

ನಿಮ್ಮ ನೆಂಟರು ಹೇಳುವ ಕುಮಾರ್ ರಾಕರ್ ಕತೆಯೇ ಇದಕ್ಕೆ ಸಾಕ್ಷಿ. ಆ ಕತೆಯಲ್ಲಿ ಕೋಟಿ ಇರುವುದು ನಿಜ, ಅದರ ಹಿಂದೆ ಮುಂದೆ ಏನಾಯಿತು ಅಂತ ಯಾರೂ ಹೇಳಲ್ಲ. ಅವರ ತಾಯಿ ಭಾರತೀಯ ಮೂಲದವರು, ತಂದೆ ಅಮೆರಿಕನ್ ಫುಟ್‌ಬಾಲ್ ಆಟಗಾರರಾಗಿದ್ದವರು. 2018ರಲ್ಲಿ ಹೈಸ್ಕೂಲ್ ಮುಗಿದಾಗ ಕೊಲರಾಡೊ ರಾಕೀಸ್ 38ನೇ ಸುತ್ತಿನಲ್ಲಿ ಹೆಸರು ಕೂಗಿತು. ಅವರು ಹೋಗಲಿಲ್ಲ, ವಾಂಡರ್ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಮೊದಲ ವರ್ಷವೇ, 2019ರ ಜೂನ್‌ನಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ವಿರುದ್ಧ ಒಂದೂ ಹಿಟ್ (ಬ್ಯಾಟರ್ ಹೊಡೆದು ಬೇಸ್ ಮುಟ್ಟುವುದು) ಕೊಡದೆ 19 ಸ್ಟ್ರೈಕೌಟ್ (ಎಸೆತದಿಂದಲೇ ಬ್ಯಾಟರ್‌ನನ್ನು ಔಟ್ ಮಾಡುವುದು) ಮಾಡಿದರು. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ಮೊದಲ ಸುತ್ತಿನಲ್ಲೇ, 10ನೆಯವರಾಗಿ, ಆರಿಸಿಕೊಂಡಿತು. ಆಮೇಲೆ ವೈದ್ಯಕೀಯ ಪರೀಕ್ಷೆ ನೋಡಿ ಸಹಿ ಹಾಕಲು ಒಪ್ಪಲಿಲ್ಲ. ದೇಶದ ಮುಂದೆ ಹೆಸರು ಕರೆದು, ಕೈಗೆ ಏನೂ ಕೊಡದೆ ಕಳಿಸಿದಂತಾಯಿತು. ಅದೇ ವರ್ಷ ಭುಜಕ್ಕೆ ಆಪರೇಷನ್. 2022ರಲ್ಲಿ ಟ್ರೈ-ಸಿಟಿ ವ್ಯಾಲಿಕ್ಯಾಟ್ಸ್ ಅನ್ನುವ, ಯಾವ ಮೇಜರ್ ಲೀಗ್ ತಂಡಕ್ಕೂ ಸೇರದ ಸ್ವತಂತ್ರ ಲೀಗ್ ತಂಡದಲ್ಲಿ ಹೋಗಿ ಎಸೆದರು. ಆ ಜುಲೈನಲ್ಲಿ ಟೆಕ್ಸಾಸ್ ರೇಂಜರ್ಸ್ 3ನೆಯವರಾಗಿ ಆರಿಸಿತು, ಸಹಿ ಹಾಕಿದ್ದಕ್ಕೆ 52 ಲಕ್ಷ ಡಾಲರ್ ಬೋನಸ್. ನೆಂಟರ ಕತೆ ಇಲ್ಲಿಗೆ ನಿಲ್ಲುತ್ತದೆ. 2023ರ ಮೇನಲ್ಲಿ ಅವರಿಗೂ ಟಾಮಿ ಜಾನ್ ಆಪರೇಷನ್ ಆಯಿತು. ಮೇಜರ್ ಲೀಗ್‌ನಲ್ಲಿ ಮೊದಲ ಚೆಂಡು ಎಸೆದದ್ದು 2024ರ ಸೆಪ್ಟೆಂಬರ್‌ನಲ್ಲಿ. ಹೈಸ್ಕೂಲಿನಿಂದ ಅಲ್ಲಿಗೆ ಆರು ವರ್ಷ, ಎರಡು ಆಪರೇಷನ್, ಒಂದು ಬಹಿರಂಗ ತಿರಸ್ಕಾರ. ಇಷ್ಟಾದರೂ ಅವರು ಅದೃಷ್ಟವಂತರ ಸಾಲಿನವರು.

ಯಾಕೆ ಹಾಗಂದೆ ಅಂದರೆ, ಡ್ರಾಫ್ಟ್ ಈಗ 20 ಸುತ್ತು, ವರ್ಷಕ್ಕೆ ಸುಮಾರು 600 ಹುಡುಗರು. ಅವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ನಾಲ್ವರು ಮೇಜರ್ ಲೀಗ್‌ನಲ್ಲಿ ಒಂದು ದಿನವೂ ಆಡಲ್ಲ. ಕೆಳಗಿನ ಲೀಗ್‌ಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಬೇಕು: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. 2023ರ ಒಪ್ಪಂದದಲ್ಲಿ ಸಿಂಗಲ್-ಎ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ 26,200 ಡಾಲರ್, ಟ್ರಿಪಲ್-ಎ ತಲುಪಿದರೂ 35,800. ಅದಕ್ಕೂ ಮುಂಚೆ ಇನ್ನೂ ಬಹಳ ಕಡಿಮೆ ಇತ್ತು, ಆಟಗಾರರು ಸಂಘ ಕಟ್ಟಿಕೊಂಡ ಮೇಲೆ ಇಷ್ಟಾದರೂ ಆಯಿತು. ಮಂಗಳವಾರದಿಂದ ಭಾನುವಾರದವರೆಗೆ ಆರು ದಿನ ಪಂದ್ಯ, ಸೋಮವಾರ ಮುಂದಿನ ಊರಿಗೆ ಪ್ರಯಾಣ. ನಮ್ಮ ದೇಶದವರ ಉದಾಹರಣೆಯೇ ಬೇಕು ಅಂದರೆ, ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಜಾವೆಲಿನ್ ಎಸೆಯುತ್ತಿದ್ದವರು, 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸಹಿ ಹಾಕಿದರು. ದೊಡ್ಡ ಸುದ್ದಿಯಾಯಿತು. ಪಟೇಲ್ ಅವರನ್ನು 2010ರಲ್ಲೇ ಬಿಟ್ಟುಬಿಟ್ಟರು. ರಿಂಕು ಇನ್ನೂ ಕೆಲವು ವರ್ಷ ಹೋರಾಡಿದರು, ಸಿಂಗಲ್-ಎ ದಾಟಲಿಲ್ಲ, ಕೊನೆಗೆ ಮೊಣಕೈಯೇ ಅಡ್ಡ ಬಂತು.

ಮೇಲೆ ಹೋದವರ ಪಾಡೂ ನೆಮ್ಮದಿಯದಲ್ಲ. ಟಿವಿಯಲ್ಲಿ ಕಾಣುವ ದೊಡ್ಡ ಹೆಸರುಗಳನ್ನು ಬಿಡಿ. ತಂಡದಲ್ಲಿ 26 ಜನ, ಅದರಲ್ಲಿ ಪಿಚರ್‌ಗಳು 13 ಮೀರುವಂತಿಲ್ಲ. ನಿನ್ನೆ ಪಂದ್ಯ ಉದ್ದವಾಗಿ ಹೋಗಿ ಬುಲ್‌ಪೆನ್, ಅಂದರೆ ಪಂದ್ಯದ ನಡುವೆ ಬದಲಿಯಾಗಿ ಬರುವ ಪಿಚರ್‌ಗಳ ಗುಂಪು, ದಣಿದಿದೆ ಅಂತಿಟ್ಟುಕೊಳ್ಳಿ. ಟ್ರಿಪಲ್-ಎನಲ್ಲಿರುವ ಒಬ್ಬನಿಗೆ ರಾತ್ರಿ ಫೋನ್ ಬರುತ್ತದೆ. ಬೆಳಗಿನ ವಿಮಾನ ಹಿಡಿದು ಬಂದು ಸಂಜೆ ಎರಡು ಇನ್ನಿಂಗ್ಸ್ ಎಸೆಯುತ್ತಾನೆ. ಚೆನ್ನಾಗಿಯೇ ಎಸೆದಿರುತ್ತಾನೆ. ಮಾರನೇ ದಿನ ಅವನ ಕೈಗೆ ವಿಶ್ರಾಂತಿ ಬೇಕು, ತಂಡಕ್ಕೆ ದಣಿಯದ ಕೈ ಬೇಕು. ಅವನನ್ನು ಕೆಳಕ್ಕೆ ಕಳಿಸಿ ಇನ್ನೊಬ್ಬನನ್ನು ಕರೆಸುತ್ತಾರೆ. ಒಂದು ಸೀಸನ್‌ನಲ್ಲಿ ಒಬ್ಬನನ್ನು ಐದು ಸಲದವರೆಗೆ ಹೀಗೆ ಕೆಳಕ್ಕೆ ಕಳಿಸಬಹುದು. ಮೇಲಿದ್ದಷ್ಟು ದಿನಕ್ಕೆ ಮೇಲಿನ ಸಂಬಳ. 2025ರಲ್ಲಿ ಮೇಜರ್ ಲೀಗ್ ಕನಿಷ್ಠ 7,60,000 ಡಾಲರ್, ಆದರೆ ಅದು ಸೀಸನ್ ಪೂರ್ತಿ ಇದ್ದರೆ. ಎರಡು ತಿಂಗಳು ಇದ್ದವನಿಗೆ ಮೂರನೇ ಒಂದು ಭಾಗ. ಇವರು ದಿನ ಎಣಿಸುತ್ತಿರುತ್ತಾರೆ: 43 ದಿನಕ್ಕೆ ಪಿಂಚಣಿ ಹಕ್ಕು, 172 ದಿನಕ್ಕೆ ಒಂದು ವರ್ಷದ ಸೇವೆ, ಅಂಥ ಆರು ವರ್ಷವಾದರೆ ಬೇಕಾದ ತಂಡಕ್ಕೆ ಹೋಗುವ ಸ್ವಾತಂತ್ರ್ಯ. ದೊಡ್ಡ ದುಡ್ಡು ಹೆಚ್ಚಾಗಿ ಆ ಆರು ವರ್ಷದ ಆಚೆ ಇರುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಮೊಣಕೈಗಳು ಮುಗಿದಿರುತ್ತವೆ.

ಕೈ ಮಾತ್ರ ಅಲ್ಲ, ಮನಸ್ಸೂ ಕೈಕೊಡುತ್ತದೆ. ರಿಕ್ ಆಂಕೀಲ್ 21ರ ಹುಡುಗ, ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಭರವಸೆ. 2000ದ ಅಕ್ಟೋಬರ್‌ನಲ್ಲಿ ಪ್ಲೇಆಫ್ ಪಂದ್ಯದ ಒಂದೇ ಇನ್ನಿಂಗ್ಸ್‌ನಲ್ಲಿ ಐದು ಸಲ ಕ್ಯಾಚರ್ ಹಿಡಿಯಲಾಗದ ಕಡೆ ಚೆಂಡು ಹೋಯಿತು. ಆ ಹಿಡಿತ ಮತ್ತೆ ಪೂರ್ತಿ ಬರಲೇ ಇಲ್ಲ. ಅವರು ಪಿಚಿಂಗ್ ಬಿಟ್ಟು ಬ್ಯಾಟರ್ ಆಗಿ ಶುರುವಿನಿಂದ ಕಲಿತು 2007ರಲ್ಲಿ ಔಟ್‌ಫೀಲ್ಡರ್ ಆಗಿ ವಾಪಸ್ ಬಂದರು. ಡೇನಿಯಲ್ ಬಾರ್ಡ್ ಹೀಗೇ ಹಿಡಿತ ಕಳೆದುಕೊಂಡು ನಿವೃತ್ತಿಯನ್ನೇ ಹೇಳಿದ್ದರು. ಏಳು ವರ್ಷದ ಮೇಲೆ, 2020ರಲ್ಲಿ, ಮೇಜರ್ ಲೀಗ್‌ಗೆ ಮರಳಿದರು. ರಾಯ್ ಹ್ಯಾಲಡೇ 1998ರಲ್ಲಿ ತಮ್ಮ ಎರಡನೇ ಪಂದ್ಯದಲ್ಲೇ ನೋ-ಹಿಟರ್‌ಗೆ (ಪಂದ್ಯವಿಡೀ ಒಂದೂ ಹಿಟ್ ಕೊಡದಿರುವುದು) ಒಂದು ಔಟ್ ದೂರದಲ್ಲಿದ್ದವರು. ಎರಡು ವರ್ಷಕ್ಕೆ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 10.64 ರನ್ ಬಿಟ್ಟುಕೊಡುವ ಸ್ಥಿತಿಗೆ ಬಂದರು. ಟೊರಾಂಟೊ ತಂಡ 2001ರಲ್ಲಿ ಅವರನ್ನು ಹೈ-ಎಗೆ ಇಳಿಸಿತು. ಮೆಲ್ ಕ್ವೀನ್ ಅನ್ನುವ ಕೋಚ್ ಅವರ ಕೈ ಬರುವ ಕೋನವನ್ನೇ ಬದಲಿಸಿದರು. 2003ರಲ್ಲಿ, ಮತ್ತೆ 2010ರಲ್ಲಿ ಅವರಿಗೆ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು. ನಾನು ಹುಡುಗರಿಗೆ ಹ್ಯಾಲಡೇ ಉದಾಹರಣೆ ಕೊಡುವುದು ಜಾಸ್ತಿ. ಅವರನ್ನು ಉಳಿಸಿದ್ದು ಜೋರಾಗಿ ಎಸೆಯುವುದಲ್ಲ, ಕಲಿತದ್ದನ್ನು ಬಿಟ್ಟು ಹೊಸದಾಗಿ ಕಲಿಯುವ ತಾಳ್ಮೆ.

ಹಾಗಾದರೆ ಡ್ರಾಫ್ಟಾ, ಕಾಲೇಜಾ? ಗಾಯದ ಇತಿಹಾಸ ಇರುವ 18ರ ಪಿಚರ್‌ನನ್ನು ತೆಗೆದುಕೊಂಡರೂ ಕೊನೆಯ ಸುತ್ತುಗಳಲ್ಲಿ ತೆಗೆದುಕೊಳ್ಳುವ ಸಾಧ್ಯತೆಯೇ ಜಾಸ್ತಿ. 10ನೇ ಸುತ್ತಿನ ಆಚೆ ಬೋನಸ್ ಸಾಮಾನ್ಯವಾಗಿ 1,50,000 ಡಾಲರ್ ಮೀರಲ್ಲ, ಅದರಲ್ಲಿ ತೆರಿಗೆ ಹೋಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಕಾಲೇಜು ಆರಿಸಿಕೊಳ್ಳುತ್ತಿದ್ದೆ. ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಮೂರನೇ ವರ್ಷ ಮುಗಿಯುವವರೆಗೆ ಅಥವಾ 21 ತುಂಬುವವರೆಗೆ ಡ್ರಾಫ್ಟ್ ಆಗಲು ಬರಲ್ಲ. ಅದು ಕಟ್ಟಿಹಾಕಿದ ಹಾಗೆ ಕಾಣಬಹುದು, ಆದರೆ ಅವನ ಮೊಣಕೈಗೆ ಬೇಕಾಗಿರುವುದೂ ಅಷ್ಟೇ ಸಮಯ. ಎರಡು ವರ್ಷದ ಜೂನಿಯರ್ ಕಾಲೇಜಿನಲ್ಲಿ ಪ್ರತಿ ವರ್ಷವೂ ಅವಕಾಶ ಇರುತ್ತದೆ. ಕಾಲೇಜಿನಲ್ಲೂ ಗೆಲುವಿನ ಆಸೆಗೆ ಹುಡುಗರಿಂದ ಮಿತಿಮೀರಿ ಎಸೆಸುವ ಕೋಚ್‌ಗಳಿದ್ದಾರೆ. ಸೇರುವ ಮುಂಚೆ ಆ ತಂಡದ ಪಿಚರ್‌ಗಳಲ್ಲಿ ಎಷ್ಟು ಜನ ಆಪರೇಷನ್ ಆಗಿ ಕೂತಿದ್ದಾರೆ ಅಂತ ವಿಚಾರಿಸಿ. ಕಾಲೇಜು ಕೋಚ್‌ಗಳ ಜೊತೆ ಮಾತಾಡುವಾಗ ಗಾಯದ ವಿಷಯ ನೀವೇ ಮೊದಲು ಹೇಳಿ.

ಬಹಳ ದೊಡ್ಡ ಬೋನಸ್ ಬಂದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗಲೂ ಆಟ ಬಿಟ್ಟ ಮೇಲಿನ ಓದಿನ ಖರ್ಚು ತಂಡವೇ ಕೊಡುವಂತೆ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಮೇಜರ್ ಲೀಗ್‌ನ ಕಾಲೇಜ್ ಸ್ಕಾಲರ್‌ಶಿಪ್ ಪ್ಲಾನ್ ಇರುವುದೇ ಅದಕ್ಕೆ. ಆಟ ನಿಲ್ಲಿಸಿದ ಎರಡು ವರ್ಷದೊಳಗೆ ಓದು ಶುರು ಮಾಡದಿದ್ದರೆ ಆ ಹಣ ಕೈತಪ್ಪುತ್ತದೆ.

ನಿಮ್ಮ ಯಜಮಾನರಿಗೂ ಒಂದು ಮಾತು. ಎಂಜಿನಿಯರಿಂಗ್ ಓದಲಿ ಅನ್ನುವುದು ತಪ್ಪಲ್ಲ, ಕಾಲೇಜ್ ಬೇಸ್‌ಬಾಲ್ ಆಡುತ್ತಲೇ ಅದನ್ನು ಓದುವವರು ಇದ್ದಾರೆ, ಕಷ್ಟಪಡಬೇಕು ಅಷ್ಟೆ. ಆದರೆ ಗಾಯವಾಗಿರುವ ಹೊತ್ತಿನಲ್ಲೇ "ಸಾಕು" ಅಂದರೆ ಹುಡುಗ ನೋವನ್ನು ಇನ್ನೂ ಆಳಕ್ಕೆ ಮುಚ್ಚಿಡುತ್ತಾನೆ. ಅವನು ಈಗ ಮಾಡುತ್ತಿರುವುದು ಅದನ್ನೇ ಅಲ್ವಾ? ನೋವು ಹೇಳಿಕೊಂಡರೆ ಆಟ ಕಿತ್ತುಕೊಳ್ಳಲ್ಲ ಅಂತ ಅಪ್ಪನ ಬಾಯಿಂದಲೇ ಅವನು ಕೇಳಬೇಕು. ಬೇಸಿಗೆ ಖಾಲಿ ಸಿಕ್ಕಿದೆಯಲ್ಲ, ಅಪ್ಪ ಮಗ ಇಬ್ಬರೂ ಒಂದು ಸಂಜೆ ಫ್ರಿಸ್ಕೋಗೆ ಹೋಗಿ ರಫ್‌ರೈಡರ್ಸ್ ಪಂದ್ಯ ನೋಡಿ ಬರಲಿ. ರೇಂಜರ್ಸ್‌ನ ಡಬಲ್-ಎ ತಂಡ ಅದು. ಬುಲ್‌ಪೆನ್ ಹತ್ತಿರ ಕೂತು, ಅಲ್ಲಿರುವ ಪಿಚರ್‌ಗಳ ವಯಸ್ಸೆಷ್ಟು, ಡ್ರಾಫ್ಟ್ ಆಗಿ ಎಷ್ಟು ವರ್ಷವಾಯಿತು, ಎಲ್ಲೆಲ್ಲಿ ಸುತ್ತಿ ಬಂದಿದ್ದಾರೆ ಅಂತ ಫೋನಿನಲ್ಲಿ ಒಬ್ಬೊಬ್ಬರದೇ ಹುಡುಕಿ ನೋಡಲಿ. ನಾನು ಇಲ್ಲಿ ಹೇಳಿದ ಅಂಕಿಗಳಿಗಿಂತ ಅದು ಚೆನ್ನಾಗಿ ಮನಸ್ಸಿಗೆ ಹಿಡಿಸುತ್ತದೆ.

ಈಗ ಮಾಡಬೇಕಾದ ಕೆಲಸ: ಎಸೆಯುವ ಆಟಗಾರರ ಮೊಣಕೈಗಳನ್ನೇ ಹೆಚ್ಚಾಗಿ ನೋಡುವ ಒಬ್ಬ ಸರ್ಜನ್ ಹತ್ತಿರ ಎರಡನೇ ಅಭಿಪ್ರಾಯ ತೆಗೆದುಕೊಳ್ಳಿ. ವರದಿಯ ಹಾಳೆ ಮಾತ್ರ ಸಾಲದು, ಎಂಆರ್‌ಐ ಡಿಸ್ಕನ್ನೇ ಒಯ್ಯಿರಿ. ಹರಿದದ್ದು ಮೇಲ್ತುದಿಯಲ್ಲಾ ಕೆಳತುದಿಯಲ್ಲಾ, ಪಟ್ಟಿಯ ದಪ್ಪದಲ್ಲಿ ಎಷ್ಟು ಭಾಗ ಹೋಗಿದೆ, ನರಕ್ಕೆ ತೊಂದರೆ ಇದೆಯಾ, 12 ವಾರ ವಿಶ್ರಾಂತಿ ಕೊಟ್ಟು ನೋಡಿದರೆ ಕಳೆದುಕೊಳ್ಳುವುದೇನು ಅಂತ ಕೇಳಿ. ಎಸೆತ ಮತ್ತೆ ಶುರು ಮಾಡುವಾಗ ಪ್ರತಿ ದಿನದ ಲೆಕ್ಕ ನೋಡುವವರು ಯಾರು ಅನ್ನುವುದನ್ನೂ ಅಲ್ಲೇ ಬರೆಸಿಕೊಳ್ಳಿ. ಹೋಗುವ ಮುಂಚೆ, ಕಳೆದ ಒಂದು ವರ್ಷ ಶಾಲೆ, ಟ್ರಾವೆಲ್ ಟೀಮ್, ಖಾಸಗಿ ಪಾಠ ಮೂರೂ ಸೇರಿ ಯಾವ ತಿಂಗಳು ಎಷ್ಟು ಎಸೆದ ಅಂತ ಮಗನೇ ಕೂತು ಒಂದು ಪಟ್ಟಿ ಬರೆಯಲಿ. ಡಾಕ್ಟರ್ ಕೇಳುವ ಪ್ರಶ್ನೆಗಳಿಗೆ ಅವನೇ ಉತ್ತರ ಹೇಳಲಿ, ಸ್ವಲ್ಪ ಹೊತ್ತು ನೀವಿಬ್ಬರೂ ಹೊರಗೆ ಕೂತಿರಿ.